ಮೆಥನಾಲ್ ಇಂಧನ ಕೋಶದ ವೇಗವರ್ಧಕವನ್ನು ಉಳಿಸಿಕೊಳ್ಳುವ ಕ್ರಮ

ಮೆಥನಾಲಿನಿಂದ ನೇರವಾಗಿ ವಿದ್ಯುತ್ ಪಡೆಯುವ, 25 ಚದರ ಸೆಂಟಿಮೀಟರ್ ಕ್ರಿಯಾಕ್ಷೇತ್ರವುಳ್ಳ ಒಂದು ಸಣ್ಣ ಇಂಧನ ಕೋಶವನ್ನು ತೆಗೆದುಕೊಳ್ಳೋಣ. ವೇಗವರ್ಧಕವಾಗಿ, ಮೆಥನಾಲ್ ಬರುವ ಆನೋಡ್ ಬದಿಗೆ ಪ್ರತಿ ಚದರ ಸೆಂಟಿಮೀಟರಿಗೆ 4 ಮಿಲಿಗ್ರಾಂ ಪ್ಲಾಟಿನಂ-ರುಥೇನಿಯಂ, ಗಾಳಿ ಬರುವ ಕ್ಯಾಥೋಡ್ ಬದಿಗೆ 2 ಮಿಲಿಗ್ರಾಂ ಪ್ಲಾಟಿನಂ ಹಚ್ಚಿದರೆ ಒಟ್ಟು 150 ಮಿಲಿಗ್ರಾಂ ಅಮೂಲ್ಯ ಲೋಹ ಅದರೊಳಗೆ ಸೇರುತ್ತದೆ. ಕೋಶದ ಉಳಿದ ಭಾಗಗಳನ್ನು ಮತ್ತೆ ಮಾಡಿಸಬಹುದು. ಈ ಲೋಹ ಕರಗಿ ಹೋದರೆ ಅಥವಾ ಉದುರಿ ಹರಿದು ಹೋದರೆ ಆ ವರ್ಷದ ಯೋಜನೆಯ ಹಣವೂ ಅದರ ಜೊತೆಗೇ ಹೋಗುತ್ತದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಂಜಿನಿಯರಿಂಗ್ ಮತ್ತು ವಿಜ್ಞಾನ ಕಾಲೇಜುಗಳಲ್ಲಿ ಇಂಥ ಕೋಶ ಕಟ್ಟಲು ಹೊರಟ ವಿದ್ಯಾರ್ಥಿಗಳನ್ನೂ ಅವರ ಮಾರ್ಗದರ್ಶಕರನ್ನೂ ಗಮನದಲ್ಲಿಟ್ಟುಕೊಂಡು ಈ ಲೇಖನವನ್ನು ಬರೆಯಲಾಗಿದೆ. ಯಾವ ಪುಡಿ ಕೊಳ್ಳಬೇಕು, ಎಷ್ಟು ಶೇಕಡಾ ಲೋಹವಿರಬೇಕು ಎಂಬ ಚರ್ಚೆಗೆ ನಾವು ಕೊಡುವ ಸಮಯದ ಅರ್ಧವನ್ನಾದರೂ ಕೋಶಕ್ಕೆ ಹೋಗುವ ನೀರಿಗೆ, ಅದು ಎಳೆದುಕೊಳ್ಳುವ ಗಾಳಿಗೆ ಮತ್ತು ಅದನ್ನು ನಿಲ್ಲಿಸುವ ಕ್ರಮಕ್ಕೆ ಕೊಟ್ಟರೆ ನಷ್ಟದ ದೊಡ್ಡ ಪಾಲು ತಪ್ಪುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೋಹ ಯಾವ ಯಾವ ದಾರಿಯಿಂದ ಹೋಗುತ್ತದೆ

ಆನೋಡಿನಲ್ಲಿ ಮೆಥನಾಲಿನ ಒಂದು ಅಣು ನೀರಿನ ಒಂದು ಅಣುವಿನೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ ಮತ್ತು 6 ಪ್ರೋಟಾನುಗಳನ್ನೂ 6 ಎಲೆಕ್ಟ್ರಾನುಗಳನ್ನೂ ಬಿಟ್ಟುಕೊಡುತ್ತದೆ. ಪ್ರೋಟಾನುಗಳು ಎರಡು ಬದಿಗಳ ನಡುವಿನ ಪೊರೆಯ ಮೂಲಕ ಕ್ಯಾಥೋಡಿಗೆ ಬಂದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತವೆ. ಲೆಕ್ಕದ ಪ್ರಕಾರ ಸುಮಾರು 1.2 ವೋಲ್ಟ್ ಸಿಗಬೇಕಾದರೂ ಕೆಲಸ ಮಾಡುವಾಗ ಒಂದು ಕೋಶದಿಂದ ದೊರೆಯುವುದು 0.3ರಿಂದ 0.5 ವೋಲ್ಟ್ ಮಾತ್ರ. ಬರೀ ಪ್ಲಾಟಿನಂ ಆದರೆ ಕ್ರಿಯೆಯ ನಡುವೆ ಹುಟ್ಟುವ ಇಂಗಾಲದ ಮಾನಾಕ್ಸೈಡ್ ಅದರ ಮೇಲ್ಮೈಗೆ ಗಟ್ಟಿಯಾಗಿ ಕಚ್ಚಿಕೊಂಡು ಮುಂದಿನ ಅಣುಗಳಿಗೆ ಜಾಗ ಬಿಡುವುದಿಲ್ಲ. ಪಕ್ಕದಲ್ಲಿ ರುಥೇನಿಯಂ ಇದ್ದರೆ ಅದು ನೀರಿನಿಂದ ಹೈಡ್ರಾಕ್ಸಿಲನ್ನು ಕಡಿಮೆ ವಿಭವದಲ್ಲೇ (ವಿದ್ಯುದ್ವಾರದ ವೋಲ್ಟೇಜ್ ಮಟ್ಟದಲ್ಲೇ) ಹಿಡಿದು ಆ ಮಾನಾಕ್ಸೈಡನ್ನು ಸುಟ್ಟು ತೆಗೆಯುತ್ತದೆ. ಆದ್ದರಿಂದ ಆನೋಡಿಗೆ ಎರಡೂ ಲೋಹ ಬೇಕು.

ತೊಂದರೆಯೆಂದರೆ, ಈ ಇಬ್ಬರಲ್ಲಿ ರುಥೇನಿಯಂ ತೀರ ದುರ್ಬಲ. ಆನೋಡಿನ ವಿಭವ, ಹೈಡ್ರೋಜನ್ ಮಾನಕಕ್ಕೆ ಹೋಲಿಸಿ, ಸುಮಾರು 0.5–0.6 ವೋಲ್ಟ್ ದಾಟಿದರೆ ಅದು ಗಣನೀಯವಾಗಿ ಕರಗತೊಡಗುತ್ತದೆ. ಕರಗಿದ್ದು ಪೊರೆಯನ್ನು ದಾಟಿ ಕ್ಯಾಥೋಡಿಗೆ ಹೋಗಿ ಅಲ್ಲಿನ ಪ್ಲಾಟಿನಂ ಮೇಲೆ ಕೂರುತ್ತದೆ. ಅಮೆರಿಕದ ಲಾಸ್ ಅಲಾಮಾಸ್ ರಾಷ್ಟ್ರೀಯ ಪ್ರಯೋಗಾಲಯದ ಸಂಶೋಧಕರು 2004ರಲ್ಲಿ ಇದನ್ನು ವಿವರವಾಗಿ ಪ್ರಕಟಿಸಿದಾಗ ಹಲವರಿಗೆ ಅಚ್ಚರಿಯಾದದ್ದು, ಕೋಶದಿಂದ ವಿದ್ಯುತ್ತನ್ನೇ ಎಳೆಯದಿದ್ದಾಗಲೂ ಸ್ವಲ್ಪ ರುಥೇನಿಯಂ ದಾಟುತ್ತದೆ ಎಂಬ ಸಂಗತಿ. ಹೀಗೆ ಒಂದೇ ಲೋಹದ ಪಲಾಯನದಿಂದ ಎರಡು ಬದಿಗೂ ಹಾನಿ: ಆನೋಡ್ ಮಾನಾಕ್ಸೈಡನ್ನು ಸುಡುವ ಶಕ್ತಿ ಕಳೆದುಕೊಳ್ಳುತ್ತದೆ, ಕ್ಯಾಥೋಡ್ ಆಮ್ಲಜನಕದೊಂದಿಗೆ ಕೆಲಸ ಮಾಡುವ ವೇಗ ಕಳೆದುಕೊಳ್ಳುತ್ತದೆ.

ಪ್ಲಾಟಿನಂ ಕೂಡ ಕರಗುತ್ತದೆ, ಆದರೆ ಹೆಚ್ಚಾಗಿ ಕ್ಯಾಥೋಡಿನಲ್ಲಿ, ವಿಭವ ಪದೇ ಪದೇ ಏರಿಳಿಯುವಾಗ. ಕರಗಿದ ಸಣ್ಣ ಕಣಗಳ ಲೋಹ ದೊಡ್ಡ ಕಣಗಳ ಮೇಲೆ ಮತ್ತೆ ಕೂತು ಅವು ಇನ್ನಷ್ಟು ದಪ್ಪವಾಗುತ್ತವೆ. ತೂಕ ಅಷ್ಟೇ ಉಳಿದರೂ ಕೆಲಸಕ್ಕೆ ಬರುವ ಮೇಲ್ಮೈ ಕುಗ್ಗುತ್ತದೆ. ಇಂಗಾಲದ ಪುಡಿಯ ಮೇಲೆ ಕೂರಿಸಿದ ವೇಗವರ್ಧಕವಾದರೆ ಹೆಚ್ಚಿನ ವಿಭವದಲ್ಲಿ ಆ ಇಂಗಾಲವೇ ಸವೆದು ಕಣಗಳು ನೆಲೆ ತಪ್ಪುತ್ತವೆ. ಕೊನೆಯದಾಗಿ, ಕಣಗಳನ್ನು ಅಂಟಿಸಿ ಹಿಡಿಯುವ ಬಂಧಕ ಸರಿಯಿಲ್ಲದ ಪದರದಿಂದ ಪುಡಿ ನೇರವಾಗಿ ಉದುರಿ ದ್ರಾವಣದ ಜೊತೆ ಹರಿದು ಹೋಗುವುದೂ ಉಂಟು. ವಿದ್ಯಾರ್ಥಿಗಳ ಕೋಶಗಳಲ್ಲಿ ಈ ಕೊನೆಯ ಬಗೆಯ ನಷ್ಟವನ್ನು ಕಡೆಗಣಿಸಿ, ಬರೀ ರಾಸಾಯನಿಕ ಕಾರಣಗಳನ್ನು ಹುಡುಕುತ್ತ ಕೂರುವುದು ಸಾಮಾನ್ಯ.

ಮೊದಲ ಹಂತ: ನೀರು

ನಮ್ಮ ಮೂರು ಜಿಲ್ಲೆಗಳಲ್ಲಿ ಕೆಲಸ ಶುರುವಾಗಬೇಕಾದದ್ದು ಇಲ್ಲಿಂದ. ವಿಜಯಪುರದ ಡೋಣಿ ಹೊಳೆಯ ಕಡೆಯ ಸವಳು ನೀರು, ಬಾಗಲಕೋಟೆ ಜಿಲ್ಲೆಯ ಫ್ಲೋರೈಡ್ ಬೆರೆತ ಕೊಳವೆಬಾವಿಗಳು, ಸುಣ್ಣದ ಕಲ್ಲಿನ ನೆಲದ ಗಡಸು ನೀರು, ಇವೆಲ್ಲ ನಮಗೆ ಗೊತ್ತಿರುವ ಸಂಗತಿಗಳೇ. ಇಂಥ ನೀರಿನಲ್ಲಿರುವ ಕ್ಲೋರೈಡ್ ವೇಗವರ್ಧಕದ ಮೊದಲ ಶತ್ರು. ಕರಗಿದ ಪ್ಲಾಟಿನಂ ಅಯಾನು ಕ್ಲೋರೈಡಿನೊಂದಿಗೆ ಸ್ಥಿರವಾದ ಸಂಕೀರ್ಣವಾಗಿ ಕಟ್ಟಿಕೊಳ್ಳುವುದರಿಂದ ಲೋಹ ಕರಗುವುದು ಸುಲಭವಾಗುತ್ತದೆ. ಕರಗದೆ ಉಳಿದ ಮೇಲ್ಮೈಯನ್ನೂ ಕ್ಲೋರೈಡ್ ಭಾಗಶಃ ಆವರಿಸುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳು ಪೊರೆಯಲ್ಲಿ ಪ್ರೋಟಾನು ಇರಬೇಕಾದ ಜಾಗವನ್ನು ಹಿಡಿಯುತ್ತವೆ, ಅದರಲ್ಲೂ ಕ್ಯಾಲ್ಸಿಯಂನ ಒಂದು ಅಯಾನು ಎರಡು ಜಾಗ ಹಿಡಿಯುತ್ತದೆ. ಕಬ್ಬಿಣವಂತೂ ಕ್ಯಾಥೋಡಿನಲ್ಲಿ ಅಲ್ಪ ಪ್ರಮಾಣದಲ್ಲಿ ಹುಟ್ಟುವ ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು, ಪೊರೆಯನ್ನೂ ಬಂಧಕವನ್ನೂ ಕೊರೆಯುವ ತೀವ್ರ ಕ್ರಿಯಾಶೀಲ ಕಣಗಳನ್ನು ಹುಟ್ಟಿಸುತ್ತದೆ. ಬಂಧಕ ಸಡಿಲವಾದ ಮೇಲೆ ಲೋಹ ನಿಲ್ಲುವುದಾದರೂ ಎಲ್ಲಿ?

ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದ ನೀರು ಕುಡಿಯಲು ಚೆನ್ನಾಗಿದ್ದರೂ ಕೋಶಕ್ಕೆ ಆಗದು. ಅದರಲ್ಲಿ ಲವಣದ ಅಂಶ ಸಾಕಷ್ಟು ಉಳಿದಿರುತ್ತದೆ. ಇನ್ವರ್ಟರ್ ಬ್ಯಾಟರಿಗೆಂದು ಅಂಗಡಿಗಳಲ್ಲಿ ಮಾರುವ ನೀರಿನ ಗುಣಮಟ್ಟ ಬಾಟಲಿಯಿಂದ ಬಾಟಲಿಗೆ ಬದಲಾಗುವುದರಿಂದ ಅದನ್ನೂ ಪರೀಕ್ಷಿಸದೆ ಬಳಸಬಾರದು. ಪ್ರಯೋಗಾಲಯದಲ್ಲಿ ಅಯಾನು ವಿನಿಮಯದಿಂದ ಶುದ್ಧಗೊಳಿಸಿದ, ವಾಹಕತೆ ಪ್ರತಿ ಸೆಂಟಿಮೀಟರಿಗೆ 1 ಮೈಕ್ರೋಸೀಮೆನ್ಸ್‌ಗಿಂತ ಕಡಿಮೆಯಿರುವ ನೀರನ್ನೇ ಬಳಸಿ. ಪೇಟೆಯಲ್ಲಿ ಸಿಗುವ ಅಗ್ಗದ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿತೆಂದು ನೆಮ್ಮದಿಪಡುವಂತಿಲ್ಲ, ಏಕೆಂದರೆ ಒಂದಕ್ಕಿಂತ ಕೆಳಗಿನದನ್ನು ಅದು ಗುರುತಿಸುವುದೇ ಇಲ್ಲ. ಅದಕ್ಕಿಂತ ನಂಬಲರ್ಹವಾದ ಸರಳ ಪರೀಕ್ಷೆ ಯಾವುದೇ ಪಿಯು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಮಾಡಬಹುದಾದದ್ದು: ಪರೀಕ್ಷಾ ನಳಿಕೆಯಲ್ಲಿ ನೀರು ತೆಗೆದುಕೊಂಡು, ಕೆಲವು ಹನಿ ದುರ್ಬಲ ನೈಟ್ರಿಕ್ ಆಮ್ಲ ಬೆರೆಸಿ, ಅದಕ್ಕೆ ಸಿಲ್ವರ್ ನೈಟ್ರೇಟ್ ದ್ರಾವಣ ಹನಿಸಿ, ಕಪ್ಪು ಹಿನ್ನೆಲೆಯ ಎದುರು ಹಿಡಿದು ನೋಡಬೇಕು. ಬಿಳಿ ಮಬ್ಬು ಕಂಡರೆ ಆ ನೀರು ಕೋಶಕ್ಕೆ ಬೇಡ.

ಕೋಶದಿಂದ ಹೊರಬಂದ ದ್ರಾವಣವನ್ನು ಮತ್ತೆ ಒಳಗೆ ಕಳಿಸುವ ವ್ಯವಸ್ಥೆ ಮಾಡಿದ್ದರೆ, ಕಲ್ಮಶ ಸುತ್ತು ಸುತ್ತಿಗೂ ಸಾಂದ್ರವಾಗುತ್ತ ಹೋಗುತ್ತದೆ. ಆ ಮಾರ್ಗದಲ್ಲಿ ಆಮ್ಲ ಮತ್ತು ಕ್ಷಾರ ರೂಪದ ಅಯಾನು ವಿನಿಮಯ ರಾಳಗಳನ್ನು ಬೆರೆಸಿದ ಒಂದು ಸಣ್ಣ ಕೊಳವೆ ಇಡುವುದು ಒಳ್ಳೆಯದು. ಮನೆಯ ನೀರು ಮೆತುಗೊಳಿಸುವ ಯಂತ್ರದ ರಾಳವನ್ನು ಇದಕ್ಕೆ ಬಳಸಬೇಡಿ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಬಿಡುತ್ತದೆ, ಕ್ಲೋರೈಡನ್ನು ಮುಟ್ಟುವುದೇ ಇಲ್ಲ.

ಎರಡನೆಯ ಹಂತ: ಮೆಥನಾಲ್

ನಮ್ಮ ಸಕ್ಕರೆ ಕಾರ್ಖಾನೆಗಳ ಡಿಸ್ಟಿಲರಿಗಳಲ್ಲಿ ತಯಾರಾಗುವುದು ಎಥನಾಲ್; ಅದು ಬೇರೆ ವಸ್ತು. ಈ ಕೋಶದ ಆನೋಡಿನಲ್ಲಿ ಎಥನಾಲ್ ಪೂರ್ತಿಯಾಗಿ ಉತ್ಕರ್ಷಣಗೊಳ್ಳದೆ ಅರ್ಧದಾರಿಯ ಪದಾರ್ಥಗಳನ್ನು ಬಿಡುತ್ತದೆ, ಆದ್ದರಿಂದ ಅಗ್ಗವೆಂದು ಅದನ್ನಾಗಲಿ, ಪಾಲಿಶ್ ಕೆಲಸಕ್ಕೆ ಬಳಸುವ ಸ್ಪಿರಿಟನ್ನಾಗಲಿ ಹಾಕಬಾರದು. ವಿಶ್ಲೇಷಣಾ ದರ್ಜೆಯ ಮೆಥನಾಲನ್ನು ಸಂಸ್ಥೆಯ ಹೆಸರಿನಲ್ಲಿ, ಪರವಾನಗಿಯುಳ್ಳ ಮಾರಾಟಗಾರರಿಂದಲೇ ತರಿಸಿ, ಬೀಗವಿರುವ ಕಪಾಟಿನಲ್ಲಿ ಇಡಿ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ವಿದ್ಯಾರ್ಥಿಗಳಿಗೆ ಮೊದಲ ದಿನವೇ ಹೇಳಬೇಕು. ಅದರ ಜ್ವಾಲಾಬಿಂದು ಸುಮಾರು 11 ಡಿಗ್ರಿ ಸೆಲ್ಸಿಯಸ್. ಅಂದರೆ ಬೆಳಗಾವಿಯ ಚಳಿಗಾಲದಲ್ಲೂ ಕಿಡಿ ತಾಗಿದರೆ ಹೊತ್ತಿಕೊಳ್ಳುವಷ್ಟು ಆವಿ ಅದರ ಮೇಲೆ ಇರುತ್ತದೆ, ಮತ್ತು ಹಗಲಿನ ಬೆಳಕಿನಲ್ಲಿ ಅದರ ಉರಿ ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ.

ಸಾಂದ್ರತೆಯ ವಿಚಾರ ವೇಗವರ್ಧಕಕ್ಕೆ ನೇರವಾಗಿ ಸಂಬಂಧಿಸಿದ್ದು. 40.5 ಮಿಲಿಲೀಟರ್ ಮೆಥನಾಲಿಗೆ ನೀರು ಸೇರಿಸಿ ಒಂದು ಲೀಟರ್ ಮಾಡಿದರೆ 1 ಮೋಲಾರ್ ದ್ರಾವಣವಾಗುತ್ತದೆ, 0.5ರಿಂದ 2 ಮೋಲಾರ್ ಒಳಗೆ ಕೆಲಸ ಮಾಡಿ. ಗಟ್ಟಿ ದ್ರಾವಣ ಹಾಕಿದರೆ ಹೆಚ್ಚು ವಿದ್ಯುತ್ ಬರುತ್ತದೆ ಎಂಬ ಊಹೆ ತಪ್ಪು. ಹೆಚ್ಚಿನ ಮೆಥನಾಲ್ ಪೊರೆ ದಾಟಿ ಕ್ಯಾಥೋಡಿಗೆ ಹೋಗಿ ಅಲ್ಲಿ ವ್ಯರ್ಥವಾಗಿ ಉರಿಯುತ್ತದೆ. ಇನ್ನೂ ಮುಖ್ಯವಾಗಿ, ವೇಗವರ್ಧಕದ ಕಣಗಳನ್ನು ಹಿಡಿದಿಡುವ ಬಂಧಕವು ಮದ್ಯಸಾರ ಹೆಚ್ಚಿರುವ ದ್ರಾವಣದಲ್ಲಿ ಊದಿ, ಮೆತ್ತಗಾಗಿ, ಕ್ರಮೇಣ ತೊಳೆದುಹೋಗುತ್ತದೆ. ಶುದ್ಧ ಮೆಥನಾಲನ್ನು ನೇರವಾಗಿ ಆನೋಡಿಗೆ ಒಂದು ಸಲ ಹಾಯಿಸಿದರೂ ಪದರ ಕಿತ್ತು ಬರಬಹುದು. ಇನ್ನು, ತೆಳು ದ್ರಾವಣವನ್ನು ವಿಜಯಪುರದ ಏಪ್ರಿಲ್-ಮೇ ಬಿಸಿಲಿನಲ್ಲಿ ತೆರೆದ ಪಾತ್ರೆಯಲ್ಲಿಟ್ಟರೆ ಮೆಥನಾಲ್ ನೀರಿಗಿಂತ ಬೇಗ ಆವಿಯಾಗಿ ಸಾಂದ್ರತೆ ಇಳಿಯುತ್ತದೆ. ಅದರ ಫಲ ಇಂಧನದ ಕೊರತೆ. ಆದ್ದರಿಂದ ದ್ರಾವಣವನ್ನು ಅಂದಂದಿಗೆ ತಯಾರಿಸಿ, ಮುಚ್ಚಿದ ಬಾಟಲಿಯಿಂದಲೇ ಹಾಯಿಸಿ.

ಮೂರನೆಯ ಹಂತ: ಪುಡಿ, ಶಾಯಿ, ಪೊರೆ

ಕೊಂಡು ತಂದ ಪ್ಲಾಟಿನಂ-ರುಥೇನಿಯಂ ಪುಡಿಯಲ್ಲಿ ಎಲ್ಲ ರುಥೇನಿಯಮ್ಮೂ ಪ್ಲಾಟಿನಂನೊಂದಿಗೆ ಮಿಶ್ರಲೋಹವಾಗಿರುವುದಿಲ್ಲ. ಸ್ವಲ್ಪ ಭಾಗ ಆಕ್ಸೈಡ್ ರೂಪದಲ್ಲಿ ಹೊರಗೇ ಉಳಿದಿರುತ್ತದೆ, ಮತ್ತು ಮೊದಲು ಕರಗಿ ಕ್ಯಾಥೋಡಿಗೆ ಓಡುವುದು ಇದೇ ಭಾಗ. ಕೋಶದೊಳಗೆ ಕರಗಿ ಹಾನಿ ಮಾಡುವುದಕ್ಕಿಂತ ಮೊದಲೇ ಬೀಕರಿನಲ್ಲಿ ಕರಗಿಸಿ ತೆಗೆಯುವುದು ಜಾಣತನ. ಪುಡಿಯನ್ನು 0.5 ಮೋಲಾರ್ ಗಂಧಕಾಮ್ಲದಲ್ಲಿ ಕೆಲವು ಗಂಟೆ ಕಲಕಿ, ಶೋಧಿಸಿ, ತೊಳೆದ ನೀರು ಬೇರಿಯಂ ಕ್ಲೋರೈಡ್ ಹನಿಗೆ ಮಬ್ಬಾಗದ ತನಕ ಶುದ್ಧ ನೀರಿನಲ್ಲಿ ತೊಳೆಯಬೇಕು. ಆ ಪರೀಕ್ಷೆಯನ್ನು ತೊಳೆದ ನೀರಿನ ಒಂದು ಭಾಗವನ್ನು ಬೇರೆ ನಳಿಕೆಗೆ ತೆಗೆದುಕೊಂಡು ಮಾಡಿ, ಬೇರಿಯಂ ಕ್ಲೋರೈಡನ್ನು ಪುಡಿಯ ಹತ್ತಿರ ತರಬೇಡಿ. ಜಲಯುಕ್ತ ರುಥೇನಿಯಂ ಆಕ್ಸೈಡ್ ಸ್ವಲ್ಪ ಇರುವುದು ಕ್ರಿಯೆಗೆ ಒಳ್ಳೆಯದು ಎಂದು ವಾದಿಸುವ ಸಂಶೋಧಕರೂ ಇದ್ದಾರೆ; ಹಾಗಾಗಿ ಬಿಸಿ, ಗಟ್ಟಿ ಆಮ್ಲದಲ್ಲಿ ಪದೇ ಪದೇ ತೊಳೆಯುವ ಅತಿರೇಕ ಬೇಡ, ಮೆದುವಾಗಿ ಒಮ್ಮೆ ತೊಳೆದರೆ ಸಾಕು. ಸಿದ್ಧ ಪೊರೆ-ವಿದ್ಯುದ್ವಾರ ಜೋಡಣೆಯನ್ನೇ ಕೊಂಡವರು ಇದನ್ನು ಮಾಡಲಾಗದು. ಅವರು ಆರಂಭದ ಕೆಲವು ಗಂಟೆಗಳಲ್ಲಿ ಆನೋಡಿನಿಂದ ಹೊರಬರುವ ದ್ರಾವಣವನ್ನು ಮರುಬಳಸದೆ ಪ್ರತ್ಯೇಕವಾಗಿ ಹಿಡಿದಿಡಬೇಕು.

ಪದರ ಹಚ್ಚಲು ಪುಡಿಯನ್ನು ಬಂಧಕದೊಂದಿಗೆ ಶಾಯಿಯಾಗಿ ಕಲಸುವಾಗ ಒಂದು ನಿಯಮವನ್ನು ಎಂದಿಗೂ ಮುರಿಯಬೇಡಿ. ಒಣ ಪುಡಿಗೆ ಮೊದಲು ನೀರು ಹಾಕಿ ಪೂರ್ತಿ ತೋಯಿಸಿ, ಆಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್ ಮತ್ತು ಬಂಧಕವಾದ ನಾಫಿಯಾನ್ ದ್ರಾವಣ ಸೇರಿಸಿ. ಒಣ ಪ್ಲಾಟಿನಂ ಪುಡಿಯ ಮೇಲೆ ನೇರವಾಗಿ ಮದ್ಯಸಾರ ಬಿದ್ದರೆ ಗಾಳಿಯಲ್ಲಿ ಅದು ತಾನಾಗಿ ಹೊತ್ತಿಕೊಳ್ಳಬಲ್ಲುದು. ಬಂಧಕದ ಪ್ರಮಾಣ ಇಂಗಾಲದ ಮೇಲಿನ ವೇಗವರ್ಧಕಕ್ಕೆ ಒಣ ತೂಕದ ಶೇ. 20–30, ಇಂಗಾಲವಿಲ್ಲದ ಲೋಹದ ಪುಡಿಗೆ ಅದಕ್ಕಿಂತ ಕಡಿಮೆ, ಸುಮಾರು ಶೇ. 15ರ ಹತ್ತಿರ ಇರಲಿ. ಬಂಧಕ ಕಡಿಮೆಯಾದರೆ ಪುಡಿ ಉದುರುತ್ತದೆ, ಹೆಚ್ಚಾದರೆ ಇಂಗಾಲದ ಡೈಆಕ್ಸೈಡ್ ಹೊರಬರುವ ರಂಧ್ರಗಳು ಮುಚ್ಚಿ, ಒಳಗೆ ಸಿಕ್ಕಿಕೊಂಡ ಗುಳ್ಳೆಗಳೇ ಪದರವನ್ನು ಎಬ್ಬಿಸುತ್ತವೆ. ಸಿಂಪಡಿಸುವುದಾದರೆ ತೆಳುವಾಗಿ, ಒಂದು ಪದರ ಆರಿದ ಮೇಲೆ ಇನ್ನೊಂದನ್ನು ಹಾಕುತ್ತ ಹೋಗಿ. ಗನ್ನಿನ ಬಾಯಲ್ಲಿ, ಅಂಚಿನ ಕಾಗದದಲ್ಲಿ ಉಳಿದ ಶಾಯಿಯೂ ಲೋಹವೇ. ಅದನ್ನು ನೀರಿನಲ್ಲಿ ತೊಳೆದು ಒಂದು ಬಾಟಲಿಗೆ ಸೇರಿಸಿಡಿ.

ಪೊರೆಯನ್ನು, ಉದಾಹರಣೆಗೆ ಸುಮಾರು 180 ಮೈಕ್ರಾನ್ ದಪ್ಪದ ನಾಫಿಯಾನ್ 117 ಅನ್ನು, ಶೇ. 3ರ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ, ನಂತರ ಶುದ್ಧ ನೀರಿನಲ್ಲಿ, ನಂತರ 0.5 ಮೋಲಾರ್ ಗಂಧಕಾಮ್ಲದಲ್ಲಿ, ಕೊನೆಗೆ ಮತ್ತೆ ಶುದ್ಧ ನೀರಿನಲ್ಲಿ, ಸುಮಾರು 80 ಡಿಗ್ರಿಯಲ್ಲಿ ಒಂದೊಂದು ಗಂಟೆ ಇಡುವುದು ರೂಢಿ. ವಿದ್ಯುದ್ವಾರಗಳನ್ನು ಪೊರೆಗೆ ಅಂಟಿಸುವ ಬಿಸಿ ಒತ್ತುವಿಕೆಗೆ 125–135 ಡಿಗ್ರಿಯಲ್ಲಿ ಸುಮಾರು ಮೂರು ನಿಮಿಷ ಸಾಕು. ಒತ್ತಿದ ಮೇಲೆ ಜೋಡಣೆಯನ್ನು ಪದೇ ಪದೇ ಒಣಗಿಸುವುದು, ತೋಯಿಸುವುದು ಮಾಡಬಾರದು. ಪೊರೆ ಊದಿ ಕುಗ್ಗುತ್ತದೆ, ಪದರ ಅಷ್ಟು ಹಿಗ್ಗುವುದಿಲ್ಲ, ಕೊನೆಗೆ ಎರಡೂ ಬೇರ್ಪಡುತ್ತವೆ.

ನಾಲ್ಕನೆಯ ಹಂತ: ಜೋಡಣೆ

ಗ್ರಾಫೈಟ್ ಫಲಕಗಳಲ್ಲಿ ಹರಿವಿನ ಕಾಲುವೆ ಕೊರೆಯಿಸಲು ಬೆಳಗಾವಿಯ ಉದ್ಯಮಬಾಗದಂಥ ಕಡೆ ಕುಶಲ ಕೆಲಸಗಾರರಿದ್ದಾರೆ, ಅದು ನಮ್ಮ ಭಾಗದ ಅನುಕೂಲ. ಯಂತ್ರದ ಕೂಲಂಟ್ ಮತ್ತು ಕಟಿಂಗ್ ಆಯಿಲ್ ಗ್ರಾಫೈಟಿನ ರಂಧ್ರಗಳಿಗೆ ಇಳಿದಿರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಇಂಥ ಎಣ್ಣೆಗಳಲ್ಲಿ ಗಂಧಕ, ಕ್ಲೋರಿನ್ ಸಂಯುಕ್ತಗಳನ್ನು ಬೆರೆಸಿರುವುದುಂಟು. ಸಾಧ್ಯವಾದರೆ ಒಣ ಕೊರೆತವನ್ನೇ ಕೇಳಿ, ಇಲ್ಲವಾದರೆ ಅಸಿಟೋನಿನಲ್ಲಿ ತೊಳೆದು ಶುದ್ಧ ನೀರನ್ನು ಬದಲಿಸುತ್ತ ಕುದಿಸಿ. ದ್ರಾವಣ ಮುಟ್ಟುವ ಜಾಗದಲ್ಲಿ ಹಿತ್ತಾಳೆ, ಅಲ್ಯೂಮಿನಿಯಂ, ಸಾದಾ ಉಕ್ಕು ಯಾವುದೂ ಇರಬಾರದು. ಟೆಫ್ಲಾನ್ ಅಥವಾ ಪಾಲಿಪ್ರೊಪಿಲೀನ್ ಜೋಡಣೆಗಳು ಸಾಕು.

ಐದನೆಯ ಹಂತ: ಗಾಳಿ

ಕ್ಯಾಥೋಡಿಗೆ ಹೋಗುವ ಗಾಳಿಯಲ್ಲಿ ಗಂಧಕದ ಸಂಯುಕ್ತಗಳಿದ್ದರೆ ಅವು ಪ್ಲಾಟಿನಂ ಮೇಲೆ ಬಲವಾಗಿ ಕೂರುತ್ತವೆ. ನಮ್ಮ ಜಿಲ್ಲೆಗಳಲ್ಲಿ ಗಂಧಕದ ಮೂಲಗಳಿಗೆ ಬರವಿಲ್ಲ. ಬಿಳಿ ಸಕ್ಕರೆ ಮಾಡುವ ಅನೇಕ ಕಾರ್ಖಾನೆಗಳಲ್ಲಿ ಕಬ್ಬಿನ ಹಾಲನ್ನು ಶುದ್ಧಗೊಳಿಸಲು ಗಂಧಕ ಸುಟ್ಟ ಅನಿಲವನ್ನು ಬಳಸುತ್ತಾರೆ. ತಿಕೋಟಾ, ಬಬಲೇಶ್ವರ ಕಡೆ ದ್ರಾಕ್ಷಿ ತೋಟಗಳಲ್ಲಿ ರೋಗಕ್ಕೆ ಗಂಧಕದ ಪುಡಿ ಹೊಡೆಯುತ್ತಾರೆ, ಒಣದ್ರಾಕ್ಷಿಯ ಬಣ್ಣಕ್ಕಾಗಿ ಶೆಡ್ಡುಗಳಲ್ಲಿ ಗಂಧಕದ ಹೊಗೆ ಕೊಡುತ್ತಾರೆ. ಡೀಸೆಲ್ ಜನರೇಟರಿನ ಹೊಗೆ, ಫೌಂಡ್ರಿಯ ಹೊಗೆ, ಚರಂಡಿಯ ದುರ್ವಾಸನೆಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಕೂಡ ಇದೇ ಗುಂಪಿಗೆ ಸೇರುತ್ತವೆ. ದನದ ಕೊಟ್ಟಿಗೆಯ ಅಮೋನಿಯಾ ಬೇರೆ ಬಗೆಯ ತೊಂದರೆ: ಅದು ಅಯಾನಾಗಿ ಪೊರೆ ಮತ್ತು ಬಂಧಕದಲ್ಲಿ ಸೇರಿಕೊಳ್ಳುತ್ತದೆ.

ಗಂಧಕದಿಂದ ಮುಚ್ಚಿಹೋದ ಪ್ಲಾಟಿನಂ ಕರಗಿಲ್ಲ, ಅಲ್ಲೇ ಇದೆ, ಅದನ್ನು ಮತ್ತೆ ಶುಚಿ ಮಾಡಬಹುದು ಎಂಬ ವಾದವಿದೆ. ನಿಜ, ಆದರೆ ಗಂಧಕವನ್ನು ಸುಟ್ಟು ತೆಗೆಯಲು ಕ್ಯಾಥೋಡನ್ನು ಹೆಚ್ಚಿನ ವಿಭವಕ್ಕೆ ಏರಿಸಿ ಇಳಿಸಬೇಕಾಗುತ್ತದೆ, ಪ್ಲಾಟಿನಂ ಕರಗುವುದೂ ಇಂಗಾಲ ಸವೆಯುವುದೂ ಅಂಥ ಏರಿಳಿತದಲ್ಲೇ. ಆದ್ದರಿಂದ ತಡೆಯುವುದೇ ಲೇಸು. ಗಾಳಿ ಎಳೆಯುವ ಕೊಳವೆಯ ಬಾಯನ್ನು ಜನರೇಟರಿನಿಂದಲೂ ರಸ್ತೆಯಿಂದಲೂ ದೂರವಿರುವ ಗೋಡೆಯ ಕಡೆ ಇಡಿ. ಮೊದಲು ಧೂಳಿಗೆ ಒಂದು ಶೋಧಕ, ಆಮೇಲೆ ಕ್ಷಾರ ಲೇಪಿಸಿದ ಸಕ್ರಿಯ ಇದ್ದಿಲಿನ ಒಂದು ಕೊಳವೆ, ಅದರ ನಂತರ ಇದ್ದಿಲಿನ ಪುಡಿ ಒಳಗೆ ಹೋಗದಂತೆ ಇನ್ನೊಂದು ಸೂಕ್ಷ್ಮ ಶೋಧಕ ಇರಲಿ. ಮೀನು ಸಾಕುವ ತೊಟ್ಟಿಯ ಗಾಳಿ ಪಂಪು ಸಣ್ಣ ಕೋಶಕ್ಕೆ ಸಾಕಾಗುತ್ತದೆ. ಎಣ್ಣೆ ಹಾಕಿದ ಕಂಪ್ರೆಸರ್ ಮಾತ್ರ ಬೇಡವೇ ಬೇಡ.

ಆರನೆಯ ಹಂತ: ಹರಿವು, ಲೋಡ್, ಮತ್ತು ಕರೆಂಟ್ ಹೋದಾಗ

ರುಥೇನಿಯಂ ಅತ್ಯಂತ ವೇಗವಾಗಿ ಕರಗುವುದು ಆನೋಡಿಗೆ ಇಂಧನ ಸಾಲದಾದಾಗ. ಎಷ್ಟು ಬೇಕು ಎಂಬ ಲೆಕ್ಕ ಕಷ್ಟದ್ದಲ್ಲ. ಒಂದು ಆಂಪಿಯರ್ ಎಳೆಯಲು ನಿಮಿಷಕ್ಕೆ ಸುಮಾರು 0.10 ಮಿಲಿಮೋಲ್ ಮೆಥನಾಲ್, ಅಂದರೆ 1 ಮೋಲಾರ್ ದ್ರಾವಣದ 0.10 ಮಿಲಿಲೀಟರ್ ಖರ್ಚಾಗುತ್ತದೆ. ನಮ್ಮ 25 ಚದರ ಸೆಂಟಿಮೀಟರ್ ಕೋಶದಿಂದ ಪ್ರತಿ ಚದರ ಸೆಂಟಿಮೀಟರಿಗೆ 100 ಮಿಲಿಆಂಪಿಯರಿನಂತೆ 2.5 ಆಂಪಿಯರ್ ಎಳೆದರೆ ನಿಮಿಷಕ್ಕೆ 0.26 ಮಿಲಿಲೀಟರ್ ಆಯಿತು. ಆದರೆ ಅಷ್ಟನ್ನೇ ಹಾಯಿಸಿದರೆ ಕಾಲುವೆಯ ಕೊನೆಯ ಭಾಗ ಉಪವಾಸ ಬೀಳುತ್ತದೆ. ಪೊರೆ ದಾಟಿ ಹೋಗುವ ಪಾಲೂ ಇದೆ. ಜೊತೆಗೆ, ಅದೇ 2.5 ಆಂಪಿಯರಿಗೆ ನಿಮಿಷಕ್ಕೆ 6 ಮಿಲಿಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹುಟ್ಟಿ ಕಾಲುವೆಯಲ್ಲಿ ಗುಳ್ಳೆಗಳಾಗಿ ನಿಲ್ಲುತ್ತದೆ. ಗುಳ್ಳೆ ನಿಂತ ಕಡೆ ಮೆಥನಾಲ್ ತಲುಪುವುದಿಲ್ಲ, ಆ ಒಂದು ಮೂಲೆಯಲ್ಲಿ ವಿಭವ ಏರುತ್ತದೆ, ಇಡೀ ಕೋಶದ ವೋಲ್ಟೇಜಿನಲ್ಲಿ ಅದು ಕಾಣುವುದೂ ಇಲ್ಲ. ಹಾಗಾಗಿ ನಿಮಿಷಕ್ಕೆ 2ರಿಂದ 5 ಮಿಲಿಲೀಟರ್ ಹಾಯಿಸಿ, ಕೋಶವನ್ನು ನಿಲ್ಲಿಸಿಟ್ಟು, ದ್ರಾವಣ ಕೆಳಗಿನಿಂದ ಒಳಹೊಕ್ಕು ಮೇಲಿನಿಂದ ಹೊರಬರುವಂತೆ ಜೋಡಿಸಿ; ಗುಳ್ಳೆಗಳು ತಾವಾಗಿ ಮೇಲೆ ಹೋಗುತ್ತವೆ.

ಗಾಳಿಯ ಲೆಕ್ಕವೂ ಇದೇ ರೀತಿ. 2.5 ಆಂಪಿಯರಿಗೆ ನಿಮಿಷಕ್ಕೆ 45 ಮಿಲಿಲೀಟರ್ ಗಾಳಿ ಕನಿಷ್ಠ ಅಗತ್ಯ, ಅದರ ಮೂರು ನಾಲ್ಕು ಪಟ್ಟು ಕೊಡಬೇಕು. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿರುವುದರಿಂದ ಅಷ್ಟೇ ಗಾತ್ರದ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 8ರಷ್ಟು ಕಡಿಮೆ ಎಂಬುದನ್ನೂ ಸೇರಿಸಿಕೊಳ್ಳಿ. ಉಷ್ಣತೆ 60 ಡಿಗ್ರಿಯ ಆಸುಪಾಸಿನಲ್ಲಿರಲಿ. ಅದಕ್ಕಿಂತ ಮೇಲೆ ಹೋದರೆ ಶಕ್ತಿ ಹೆಚ್ಚು ಬರುತ್ತದೆ, ಕರಗುವಿಕೆಯೂ ಹೆಚ್ಚುತ್ತದೆ.

ಈಗ ನಮ್ಮ ಕಡೆಯ ದೊಡ್ಡ ಅಪಾಯಕ್ಕೆ ಬರೋಣ. ಕೋಶಕ್ಕೆ ಒಂದು ರೆಸಿಸ್ಟರನ್ನೋ ಸಣ್ಣ ಬಲ್ಬನ್ನೋ ಜೋಡಿಸಿ ಓಡಿಸುತ್ತಿರುವಾಗ ಕರೆಂಟ್ ಹೋಯಿತೆನ್ನಿ. ದ್ರಾವಣದ ಪಂಪು ನಿಲ್ಲುತ್ತದೆ, ಲೋಡ್ ಮಾತ್ರ ನಿಲ್ಲುವುದಿಲ್ಲ. ಅದು ಕೋಶದಿಂದ ಎಳೆಯುತ್ತಲೇ ಇರುತ್ತದೆ. ಒಳಗಿನ ಮೆಥನಾಲ್ ಮುಗಿಯುತ್ತ ಬಂದಂತೆ ವೋಲ್ಟೇಜ್ ಸೊನ್ನೆಯ ಕಡೆ ಇಳಿಯುತ್ತದೆ. ಕ್ಯಾಥೋಡಿನ ಬದಿಯಲ್ಲಿ ಇನ್ನೂ ಗಾಳಿ ಇರುವಾಗ ವೋಲ್ಟೇಜ್ ಸೊನ್ನೆಯಾಗುವುದೆಂದರೆ ಆನೋಡ್ ಏರಿ ಕ್ಯಾಥೋಡಿನ ಮಟ್ಟಕ್ಕೆ ಹೋಗಿದೆ ಎಂದರ್ಥ, ಅಂದರೆ ರುಥೇನಿಯಂ ಕರಗುವ ಗಡಿಯನ್ನು ಅದು ಆಗಲೇ ದಾಟಿದೆ. ಹಲವು ಕೋಶಗಳ ಸಾಲಾದರೆ ಸ್ಥಿತಿ ಇನ್ನೂ ಕೆಟ್ಟದ್ದು: ಮೊದಲು ಬರಿದಾದ ಕೋಶವನ್ನು ಉಳಿದ ಕೋಶಗಳು ತಮ್ಮ ಬಲದಿಂದ ಉಲ್ಟಾ ತಿರುಗಿಸುತ್ತವೆ, ಆಗ ರುಥೇನಿಯಂ ಮಾತ್ರವಲ್ಲ, ಆಧಾರದ ಇಂಗಾಲವೂ ಸುಟ್ಟುಹೋಗುತ್ತದೆ.

ಪರಿಹಾರ ಅಗ್ಗದ್ದು. ಲೋಡ್ ಮತ್ತು ಕೋಶದ ನಡುವೆ, ಪಂಪಿಗೆ ಬರುವ ವಿದ್ಯುತ್ತಿನಿಂದಲೇ ಹಿಡಿದುಕೊಳ್ಳುವ ಒಂದು ನಾರ್ಮಲಿ ಓಪನ್ ರಿಲೇ ಹಾಕಿ. ಕರೆಂಟ್ ಹೋದ ಕ್ಷಣ ರಿಲೇ ಬಿಟ್ಟು ಲೋಡ್ ಕಡಿದುಹೋಗುತ್ತದೆ. ಕರೆಂಟ್ ಮರಳಿ ಬಂದಾಗ ಅದು ತಾನಾಗಿ ಹಿಡಿದುಕೊಳ್ಳದಂತೆ, ಮನುಷ್ಯ ಒತ್ತಿದ ಮೇಲೆಯೇ ಹಿಡಿಯುವಂತೆ ಒಂದು ಗುಂಡಿಯನ್ನೂ ಸೇರಿಸಿ, ಏಕೆಂದರೆ ಪಂಪು ಆನೋಡನ್ನು ಮತ್ತೆ ತುಂಬಲು ಸಮಯ ಬೇಕು. ಇದರ ಜೊತೆಗೆ ಯಾವುದೇ ಒಂದು ಕೋಶದ ವೋಲ್ಟೇಜ್ 0.2ಕ್ಕಿಂತ ಕೆಳಗಿಳಿದರೆ ಲೋಡ್ ಕಡಿಯುವ ಸಣ್ಣ ಸರ್ಕಿಟ್ ಮಾಡಿಕೊಳ್ಳುವುದು ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳಿಗೆ ಒಂದು ದಿನದ ಕೆಲಸ. ಸಾಲಿನ ಒಟ್ಟು ವೋಲ್ಟೇಜನ್ನು ಮಾತ್ರ ನೋಡಿದರೆ ಸಾಲದು, ಪ್ರತಿ ಕೋಶಕ್ಕೂ ತಂತಿ ಎಳೆಯಬೇಕು.

ಏಳನೆಯ ಹಂತ: ಆರಂಭ ಮತ್ತು ನಿಲುಗಡೆ

ಆರಂಭಿಸುವಾಗ ಮೊದಲು ಮೆಥನಾಲ್ ದ್ರಾವಣ ಹಾಯಿಸಿ, ಹೊರಬರುವ ಕೊಳವೆಯಲ್ಲಿ ಗಾಳಿಯ ಗುಳ್ಳೆ ನಿಂತ ಮೇಲೆ ಕ್ಯಾಥೋಡಿಗೆ ಗಾಳಿ ಬಿಡಿ, ವೋಲ್ಟೇಜ್ ಸ್ಥಿರವಾದ ಮೇಲೆ ಲೋಡನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ. ನಿಲ್ಲಿಸುವಾಗ ಲೋಡ್ ಮೊದಲು ಹೋಗಬೇಕು. ನಂತರ ಗಾಳಿ ನಿಲ್ಲಿಸಿ, ಕ್ಯಾಥೋಡಿನ ಎರಡೂ ಬಾಯಿ ಮುಚ್ಚಿ, ದ್ರಾವಣವನ್ನು ಇನ್ನೂ ಕೆಲವು ನಿಮಿಷ ಹಾಯಿಸುತ್ತಿರಿ. ಪೊರೆ ದಾಟಿ ಬಂದ ಮೆಥನಾಲ್ ಕ್ಯಾಥೋಡಿನಲ್ಲಿ ಉಳಿದ ಆಮ್ಲಜನಕವನ್ನು ಮುಗಿಸಿ ಅದರ ವಿಭವವನ್ನು ಮೆಲ್ಲಗೆ ಇಳಿಸುತ್ತದೆ, ಎರಡೂ ಬದಿ ಸುರಕ್ಷಿತ ಮಟ್ಟದಲ್ಲಿ ನಿಲ್ಲುತ್ತವೆ. ಮರುದಿನ ಬೆಳಗ್ಗೆ ಮತ್ತೆ ಓಡಿಸುವುದಾದರೆ ತೆಳು ದ್ರಾವಣವನ್ನು ಒಳಗೇ ಬಿಟ್ಟು ಬಾಯಿ ಮುಚ್ಚಿದರೆ ಸಾಕು. ದಸರಾ ರಜೆಯಂಥ ದೀರ್ಘ ಬಿಡುವಾದರೆ ಶುದ್ಧ ನೀರಿನಿಂದ ತೊಳೆದು, ಆನೋಡ್ ಬದಿಯಲ್ಲಿ ನೀರು ತುಂಬಿಸಿಯೇ ಮುಚ್ಚಿಡಿ. ಆನೋಡನ್ನು ಬರಿದು ಮಾಡಿ ಗಾಳಿಗೆ ತೆರೆದಿಡುವುದು ಕೆಟ್ಟ ಅಭ್ಯಾಸ; ಒಳಗೆ ಬಂದ ಆಮ್ಲಜನಕ ರುಥೇನಿಯಮ್ಮನ್ನು ಉತ್ಕರ್ಷಿಸುತ್ತದೆ, ಪೊರೆಯೂ ಒಣಗುತ್ತದೆ.

ದಿನಕ್ಕೆ ಹತ್ತು ಸಲ ಆರಂಭಿಸಿ ನಿಲ್ಲಿಸುವುದಕ್ಕಿಂತ ಒಂದೇ ಸಮನೆ ಓಡಿಸುವುದು ಲೋಹಕ್ಕೆ ಹಿತ. ಪ್ರದರ್ಶನಕ್ಕೆ ಬಂದವರೆದುರು ಬಲ್ಬು ಹೊತ್ತಿಸಿ ಆರಿಸುವ ಉತ್ಸಾಹಕ್ಕೆ ಒಂದು ಹಳೆಯ ಕೋಶವನ್ನು ಬೇರೆಯೇ ಇಟ್ಟುಕೊಳ್ಳಿ.

ಎಂಟನೆಯ ಹಂತ: ನಷ್ಟವನ್ನು ಅಳೆಯುವುದು

ಶಕ್ತಿ ಕಡಿಮೆಯಾದ ಕೂಡಲೇ ವೇಗವರ್ಧಕ ಹೋಯಿತೆಂದು ತೀರ್ಮಾನಿಸಬಾರದು. ಗಂಟೆಗಟ್ಟಲೆ ಓಡಿದ ಕೋಶದಲ್ಲಿ ಕ್ಯಾಥೋಡಿನ ಪ್ಲಾಟಿನಂ ಮೇಲೆ ಆಕ್ಸೈಡಿನ ತೆಳು ಪದರ ಬೆಳೆದಿರುತ್ತದೆ, ಆನೋಡಿನಲ್ಲಿ ಗುಳ್ಳೆ, ಮಾನಾಕ್ಸೈಡ್ ಕೂಡಿರುತ್ತವೆ. ಮೇಲೆ ಹೇಳಿದ ಕ್ರಮದಲ್ಲಿ ನಿಲ್ಲಿಸಿ ವಿಶ್ರಾಂತಿ ಕೊಟ್ಟರೆ ಈ ಕೊರತೆ ಬಹುಮಟ್ಟಿಗೆ ಮರಳುತ್ತದೆ. ಮರಳದೆ ಉಳಿದದ್ದೇ ನಿಜವಾದ ನಷ್ಟ. ಆದ್ದರಿಂದ ಪ್ರತಿ ವಾರ ಒಂದೇ ಉಷ್ಣತೆ, ಒಂದೇ ಸಾಂದ್ರತೆ, ಒಂದೇ ಹರಿವಿನಲ್ಲಿ, ವಿಶ್ರಾಂತಿಯ ನಂತರವೇ ವೋಲ್ಟೇಜ್-ಪ್ರವಾಹದ ರೇಖೆ ತೆಗೆದು ದಾಖಲಿಸಿ.

ಉದುರುವಿಕೆಯನ್ನು ಹಿಡಿಯಲು, ಹೊರಬರುವ ದ್ರಾವಣವನ್ನು 0.45 ಮೈಕ್ರಾನ್ ಬಿಳಿ ಶೋಧಕ ಕಾಗದದ ಮೂಲಕ ಹಾಯಿಸಿ. ಕಾಗದದ ಮೇಲೆ ಕಪ್ಪು ಕಂಡರೆ ದೋಷ ಶಾಯಿಯಲ್ಲಿ ಅಥವಾ ಒತ್ತುವಿಕೆಯಲ್ಲಿದೆ, ಉಪಕರಣ ಹುಡುಕುವ ಅಗತ್ಯವೇ ಇಲ್ಲ. ಕಾಗದ ಬೆಳ್ಳಗಿದ್ದೂ ಶಕ್ತಿ ಇಳಿಯುತ್ತಿದ್ದರೆ ಕರಗುವಿಕೆಯನ್ನು ಶಂಕಿಸಬೇಕು. ಅದಕ್ಕೆ ಪೊಟೆನ್ಶಿಯೋಸ್ಟಾಟ್ (ವಿಭವವನ್ನು ಬೇಕಾದಂತೆ ನಿಯಂತ್ರಿಸಿ ಪ್ರವಾಹ ಅಳೆಯುವ ಉಪಕರಣ) ಇರುವ ಪ್ರಯೋಗಾಲಯ ಬೇಕಾಗುತ್ತದೆ. ವಿದ್ಯುದ್ವಾರದ ಮೇಲೆ ಇಂಗಾಲದ ಮಾನಾಕ್ಸೈಡನ್ನು ಕೂರಿಸಿ, ಆಮೇಲೆ ವಿಭವ ಏರಿಸುತ್ತ ಅದು ಯಾವ ಮಟ್ಟದಲ್ಲಿ ಸುಟ್ಟುಹೋಗುತ್ತದೆ ಎಂದು ನೋಡುವ ವಿಧಾನ ಇಲ್ಲಿ ಬಹಳ ಹೇಳಿಕೊಡುತ್ತದೆ: ಬರೀ ಪ್ಲಾಟಿನಂ ಮೇಲೆ ಅದು ಸುಮಾರು 0.7–0.8 ವೋಲ್ಟಿನಲ್ಲಿ ಸುಡುತ್ತದೆ, ರುಥೇನಿಯಂ ಜೊತೆಗಿದ್ದರೆ 0.4–0.5ರಲ್ಲೇ ಸುಡುತ್ತದೆ. ಆನೋಡಿನ ಶಿಖರ (ಸುಡುವಾಗ ಪ್ರವಾಹ ಅತಿ ಹೆಚ್ಚಾಗುವ ಬಿಂದು) ವಾರದಿಂದ ವಾರಕ್ಕೆ ಮೇಲಕ್ಕೆ ಸರಿಯುತ್ತಿದ್ದರೆ, ಕ್ಯಾಥೋಡಿನದು ಕೆಳಕ್ಕೆ ಸರಿಯುತ್ತಿದ್ದರೆ, ರುಥೇನಿಯಂ ಇಲ್ಲಿಂದ ಅಲ್ಲಿಗೆ ಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಶಿಖರ ಸರಿಯದೆ ಬರೀ ಕುಗ್ಗಿದ್ದರೆ ಕಣಗಳು ದಪ್ಪವಾಗಿವೆ ಅಥವಾ ನೆಲೆ ತಪ್ಪಿವೆ. ಇಂಗಾಲದ ಮಾನಾಕ್ಸೈಡ್ ಪ್ರಾಣಾಂತಕ ಅನಿಲವಾದ್ದರಿಂದ ಹೊಗೆಗೂಡಿನ ಕೆಳಗೆ, ಅನುಭವಿ ಮಾರ್ಗದರ್ಶಕರ ಎದುರಿನಲ್ಲಿ ಮಾತ್ರ ಈ ಪರೀಕ್ಷೆ ನಡೆಯಬೇಕು.

ಬಳಸಿ ಮುಗಿದ ಜೋಡಣೆ

ಕೆಲಸ ಮುಗಿದ ಪೊರೆ-ವಿದ್ಯುದ್ವಾರ ಜೋಡಣೆಯಲ್ಲಿ ಪ್ಲಾಟಿನಂನ ಬಹುಪಾಲು ಇನ್ನೂ ಉಳಿದಿರುತ್ತದೆ. ಅದನ್ನು ಕಸಕ್ಕೆ ಹಾಕಬಾರದು, ಲೋಹ ತೆಗೆಯುವ ನೆಪದಲ್ಲಿ ಸುಡಲೂಬಾರದು: ಫ್ಲೋರಿನ್ ಇರುವ ಪೊರೆ ಸುಟ್ಟಾಗ ಹೈಡ್ರೋಜನ್ ಫ್ಲೋರೈಡ್ ಬರುತ್ತದೆ, ರುಥೇನಿಯಂ ಗಾಳಿಯಲ್ಲಿ ಬಹಳ ಬಿಸಿಯಾದರೆ ವಿಷಕಾರಿ ಆಕ್ಸೈಡಾಗಿ ಹಾರಿಹೋಗುತ್ತದೆ. ಹಚ್ಚಿದ ಲೋಹದ ತೂಕ, ಓಡಿಸಿದ ಗಂಟೆಗಳು, ತೆಗೆದ ದಿನಾಂಕ ಬರೆದ ಚೀಟಿಯೊಂದಿಗೆ ಮುಚ್ಚಿದ ಚೀಲದಲ್ಲಿಡಿ. ಸಿಂಪಡಿಸುವಾಗ ತೊಳೆದಿಟ್ಟ ಬಾಟಲಿಯನ್ನೂ, ಕಪ್ಪಾದ ಶೋಧಕ ಕಾಗದಗಳನ್ನೂ ತೇವವಾಗಿಯೇ ಅದರ ಜೊತೆಗೆ ಸಂಗ್ರಹಿಸಿ. ಸಾಕಷ್ಟು ಕೂಡಿದ ಮೇಲೆ ಅಮೂಲ್ಯ ಲೋಹ ಶುದ್ಧೀಕರಿಸುವ ಅಧಿಕೃತ ಘಟಕಕ್ಕೆ ಸಂಸ್ಥೆಯ ಮೂಲಕ ಕಳಿಸಿ, ಅವರು ಕೊಡುವ ತೂಕದ ವರದಿಯನ್ನು ನಿಮ್ಮ ಚೀಟಿಯ ಲೆಕ್ಕಕ್ಕೆ ತಾಳೆ ನೋಡಿ.